ನಿಧಾನವಾಗಿ ಆರಿದ ಉಕ್ಕು

ಪತ್ರಿಕೆಗೆ ಸೇರುವ ಮುಂಚೆ ನಾನು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿದ್ದೆ. ಅಲ್ಲಿ ಉಕ್ಕಿನ ಬಿಡಿಭಾಗಗಳನ್ನು ಕುಲುಮೆಯಲ್ಲಿಟ್ಟು ಹದ ಮಾಡುತ್ತಿದ್ದರು. ನನ್ನ ಕೆಲಸ ಅವುಗಳ ಮಾದರಿ ತುಂಡುಗಳನ್ನು ಒಡೆಯುವುದು. ಯಂತ್ರದಲ್ಲಿ ತುಂಡನ್ನಿಟ್ಟು, ಮೇಲಿಂದ ತೂಗುವ ಸುತ್ತಿಗೆಯನ್ನು ಬಿಡಬೇಕು. ಉಕ್ಕು ಒಳ್ಳೆಯದಾದರೆ ಬಾಗಿ ಸುತ್ತಿಗೆಯ ವೇಗ ತಿನ್ನುತ್ತದೆ. ಪೆಡಸಾದರೆ ಟಪ್ಪೆಂದು ಎರಡಾಗುತ್ತದೆ.

ಆ ಬೆಳಿಗ್ಗೆ ಬಂದದ್ದು ಕೊಪ್ಪಳದ ಕಡೆಯ ಗುತ್ತಿಗೆ ಕೆಲಸಗಾರನೊಬ್ಬ ಮೊದಲ ಸಲ ತಾನೇ ಕುಲುಮೆ ನಡೆಸಿ ತೆಗೆದ ಶಾಫ್ಟುಗಳ ತುಂಡುಗಳು. ಪಾಸಾದರೆ ಅವನು ಕಾಯಂ ಆಪರೇಟರ್. ಇಲ್ಲದಿದ್ದರೆ ಮತ್ತೆ ಟ್ರೇ ಹೊರುವುದು. ಗಡಸುತನದ ಅಳತೆ ಸರಿಯಾಗಿಯೇ ಬಂದಿತ್ತು. ಅವನು ನಗುತ್ತಾ ನಿಂತಿದ್ದ.

ಮೊದಲ ತುಂಡು ಟಪ್ಪೆಂದಿತು. ಎರಡನೆಯದೂ ಅಷ್ಟೆ. ಮುರಿದ ಮುಖ ಕಲ್ಲುಸಕ್ಕರೆಯಂತೆ ಮಿನುಗುತ್ತಿತ್ತು.

"ಕಾಯಿಸಿದ್ಮೇಲೆ ಏನ್ಮಾಡ್ದೆ?" ಸೂಪರ್‌ವೈಸರ್ ಕೇಳಿದರು.

"ಒಳಗs ಬಿಟ್ಟೆ ರೀ ಸರ. ನಿಧಾನ ಆರಿದ್ರ ಛಲೋ ಹದ ಬರ್ತದಂತ..."

ಸೂಪರ್‌ವೈಸರ್ ಉಳಿದವರ ಕಡೆ ತಿರುಗಿದರು. "ನೋಡ್ರಪ್ಪಾ, ಖಡಕ್ ರೊಟ್ಟಿ ಮಾಡವ್ನೆ! ಒಲೆ ಪಕ್ಕ ಇಟ್ಟು ಒಣಗಿಸವ್ನೆ!"

"ಶೇಂಗಾ ಚಟ್ನಿ ತಂದಿದ್ಯಾ ಗುರು?" ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಬೇರೆ ಉಕ್ಕಾಗಿದ್ದರೆ ಅವನ ಎಣಿಕೆ ನಡೆಯುತ್ತಿತ್ತು. ಉಕ್ಕೆಂದರೆ ಕಣ್ಣಿಗೆ ಕಾಣದ ಹರಳುಗಳ ಒತ್ತಾದ ಜೋಡಣೆ. ಹರಳಿನೊಳಗೆ ಪರಮಾಣುಗಳು ಸಾಲಾಗಿ ನಿಂತಿರುತ್ತವೆ. ಹರಳುಗಳು ಕೂಡುವ ಅಂಚಿನಲ್ಲಿ ಸಾಲು ಕೆಡುತ್ತದೆ. ನಿಕ್ಕಲ್, ಕ್ರೋಮಿಯಂ ಬೆರೆತ ಈ ಜಾತಿಯ ಉಕ್ಕು ನಿಧಾನವಾಗಿ ಆರಿದರೆ, ಒಳಗೆ ಚದುರಿದ ರಂಜಕದ, ಅಂದರೆ ಫಾಸ್ಫರಸ್ಸಿನ, ಪರಮಾಣುಗಳಿಗೆ ಆ ಅಂಚಿಗೆ ಸರಿಯಲು ಬಿಡುವು ಸಿಗುತ್ತದೆ. ಅವು ಕೂತಲ್ಲಿ ಕಬ್ಬಿಣದ ಹಿಡಿತ ಸಡಿಲ. ಬಿರುಕು ಅಂಚು ಹಿಡಿದೇ ಓಡುತ್ತದೆ. ಗಡಸುತನದ ಅಳತೆಗೆ ಇದು ಸಿಕ್ಕುವುದಿಲ್ಲ. ಅದಕ್ಕೇ ಬಿಸಿ ಇರುವಾಗಲೇ ನೀರಿಗೆ ಅದ್ದಬೇಕು.

"ಅವನಿಗೆ ಇದನ್ನ ಹೇಳಿದ್ರಾ?" ಎಂದು ಸೂಪರ್‌ವೈಸರನ್ನು ಕೇಳಿದೆ.

"ಕೇಳ್ಬೇಕಿತ್ತು ಕಣ್ರೀ ಅವ್ನು."

ಈ ದೋಷ ಶಾಶ್ವತವಲ್ಲ. ಮತ್ತೆ ಕಾಯಿಸಿದರೆ ರಂಜಕ ಚದುರುತ್ತದೆ. ಥಟ್ಟನೆ ತಣಿಸಿದರೆ ಚದುರಿದಲ್ಲೇ ಉಳಿಯುತ್ತದೆ. ಇದನ್ನು ನಾನು ಹೇಳಿದ್ದೇ ತಡ, ಅವನು ಮುಂದೆ ಬಂದ.

"ನಾನs ಮತ್ತ ಕಾಯಿಸ್ತೀನ್ರಿ ಸರ. ಈ ಸಲ ನೀರಿಗಿ ಹಾಕ್ತೀನಿ."

"ಕಬ್ಬಿಣಕ್ಕೆ ಇನ್ನೊಂದು ಚಾನ್ಸ್ ಇದೆ. ನಿಂಗೆಲ್ಲಿದೆ? ಹೊರು."

ಕುಲುಮೆಯನ್ನು ಬೇರೆಯವನಿಗೆ ಕೊಟ್ಟರು. ಇವನು ತಾನೇ ಕೆಡಿಸಿದ ಶಾಫ್ಟುಗಳನ್ನು ಅದರ ಬಾಯಿಗೆ ಹೊತ್ತು ತಂದ. ಕಾದ ಮೇಲೆ ಆ ಇನ್ನೊಬ್ಬ ಅವನ್ನು ನೀರಿಗಿಳಿಸಿದ. ಸಂಜೆ ಹೊಸ ತುಂಡುಗಳನ್ನು ಪರೀಕ್ಷಿಸಿದೆ. ಬಾಗಿದವು, ಎರಡಾಗಲಿಲ್ಲ. ಪಾಸ್ ಎಂದೆ. ಸೂಪರ್‌ವೈಸರ್ ಹೊಸ ಆಪರೇಟರನ ಬೆನ್ನು ತಟ್ಟಿದರು.

ತಣಿದ ಶಾಫ್ಟುಗಳ ಟ್ರೇ ಎತ್ತಿಕೊಂಡು ಇವನು ಇನ್ನೂ ನಿಂತಿದ್ದ.

"ಇವನ್ನ ಎಲ್ಲಿಡ್ಲಿ ರೀ ಸರ?"

"ಎಲ್ಲಾದ್ರೂ ಇಡು. ದಾರಿ ಬಿಡು ಮೊದ್ಲು."