ಕಾಯಿ ಅಂದರೆ ಕಾಯಿ

“ಕೊಬ್ಬರಿ ಮಾಡೋದು ನಿನ್ ಕೈಲಾಗಲ್ಲ ಬುಡು, ನಿಂಗೆ ಕಾಯೋಕೇ ಬರಲ್ಲ,” ಅಂದಿದ್ದರು ನಮ್ಮ ಬಾವ. ಹಠಕ್ಕೆ, ವರ್ಷವಿಡೀ ಒಣಗಲೆಂದು ಅಟ್ಟದ ತುಂಬ ತೆಂಗಿನಕಾಯಿ ಹಾಕಿದೆ. ಅವು ಅರ್ಧ ಒಣಗಿದ್ದಾಗ ಗುರುತಿಲ್ಲದ ವ್ಯಾಪಾರಿಯೊಬ್ಬ ಬಂದು, “ಕಾಯಿ ಕೊಡ್ತೀಯೇನಮ್ಮ?” ಅಂದ. ಕೊಟ್ಟರೆ ಬಾವನೇ ಗೆದ್ದಂತೆ.

“ಕಾಯಿ,” ಅಂದೆ.

ಒಪ್ಪಿದೆನೆಂದುಕೊಂಡು ಅವನು ಚೀಲ ಬಿಚ್ಚಿದ!

“ತಡಿ ಅಂತ ಹೇಳಿದ್ದು ಕಣಪ್ಪ! ಕಾಯೋದು ಅಂದ್ರೆ ದಾರಿ ನೋಡೋದು, ಕಾವಲಿರೋದು, ಬಿಸಿಯಾಗೋದು. ನಿಘಂಟಲ್ಲಿ ನಾನೇ ಓದಿದೀನಿ.”

“ಬಿಸಿ ಯಾವುದಮ್ಮ ಇಲ್ಲಿ?”

“ಇನ್ನೊಂದ್ಸಲ ಕೇಳು, ನನ್ನ ತಲೆ ಕಾಯ್ತದೆ.”

ಅವನು ನಗುತ್ತಾ ಹೋದ. ಕಾಯಿ ಅಟ್ಟದಲ್ಲೇ ಕೊಬ್ಬರಿಯಾಯಿತು.

ಕೊಬ್ಬರಿ ವ್ಯಾಪಾರ ಬೆಳೆದು ಈಗ ನನ್ನವೇ ಎರಡು ಅಟ್ಟಗಳಿವೆ. ಅದಕ್ಕೆ ತೆತ್ತದ್ದು ಇಲಿ ಓಡಿಸುತ್ತ ಕೆಟ್ಟ ನಿದ್ದೆ, ಜೊತೆಗೆ ಬಾವನ ಮಾತು. ಕೊಬ್ಬರಿ ನೋಡಿದ ದಿನದಿಂದ ಅವರು ನನ್ನೆದುರು ತುಟಿ ಬಿಚ್ಚಿಲ್ಲ. ಕಾಯುತ್ತಿದ್ದೇನೆ.