ಶಮಶಾದಬಿ ತೊಡಿಸದ ಹಸಿರು ಬಳೆ

ತಾಂಬಾದಲ್ಲಿ ಲಗ್ನ ಗೊತ್ತಾಯಿತೆಂದರೆ ಮೊದಲ ಕರೆ ಹೋಗುವುದು ಬಳೆಗಾರ್ತಿ ಶಮಶಾದಬಿಗೆ. ಮದುಮಗಳ ಕೈಗೆ ಹಸಿರು ಬಳೆ ಏರದೆ ಮುಂದಿನ ಶಾಸ್ತ್ರ ನಡೆಯುವಂತಿಲ್ಲ. ಗಂಡ ಮಶಾಕಸಾಬ ತೀರಿಕೊಂಡ ಮರುತಿಂಗಳೇ ಅವನ ಬಳೆಬುಟ್ಟಿ ತಲೆಗೇರಿಸಿಕೊಂಡವಳು, ಇಂದಿಗೂ ಇಳಿಸಿಲ್ಲ. ಬಾಯಿ ಜೋರು, ಕೈ ಬೆಣ್ಣೆ. ಎಂಥ ಒರಟು ಕೈಯಿದ್ದರೂ ಬೆರಳಗಂಟು ಮೆಲ್ಲಗೆ ಒತ್ತಿ ಬಳೆ ಏರಿಸಿಬಿಡುತ್ತಾಳೆ. ತೊಡಿಸಿಕೊಂಡವರು, ಯಾವ ಜಾತಿಯವರೇ ಇರಲಿ, ಅವಳಿಗೆ ಕೈಮುಗಿದೇ ಏಳುತ್ತಾರೆ.

ಈ ಬೇಸಿಗೆಯಲ್ಲಿ ಕುರಿಗಾರ ಬೀರಣ್ಣನ ಮನೆಯಿಂದ ಕರೆ ಬಂತು. ಅವನ ತಂಗಿಯ ಲಗ್ನವಿರಬೇಕೆಂದುಕೊಂಡು ಹೋದಳು. ಚಾಪೆಯ ಮೇಲೆ ಬಂದು ಕುಳಿತವಳು ಬೀರಣ್ಣನ ಮಗಳು ಸುನೀತಾ. ಆಗತಾನೆ ಎಂಟನೇ ಇಯತ್ತೆ ಪಾಸಾದ ಹುಡುಗಿ. ಉಡಿಸಿದ ಸೀರೆಯೊಳಗೆ ಅವಳನ್ನು ಹುಡುಕಬೇಕಿತ್ತು.

ಶಮಶಾದಬಿ ಹುಡುಗಿಯ ಕೈ ಹಿಡಿದು ಒಂದು ಹಸಿರು ಬಳೆ ಹಾಕಿದಳು. ಒತ್ತುವ ಕೆಲಸವೇ ಬೀಳಲಿಲ್ಲ. ಸುನೀತಾ ಕೈ ಇಳಿಬಿಟ್ಟಳು, ಬಳೆ ಜಾರಿ ಚಾಪೆಯ ಮೇಲೆ ಬಿತ್ತು.

"ಸಣ್ಣ ಅಳತೀದು ಹಾಕ ಶಮಶಾದಕ್ಕಾ," ಅಂದಳು ತಾಯಿ ಕಸ್ತೂರೆವ್ವ, ಮುಖ ಎತ್ತದೆ.

"ಮದಲಗಿತ್ತಿ ಬಳಿ ಆ ಅಳತಿಗಿ ನನ್ನ ಬುಟ್ಟ್ಯಾಗ ಇಲ್ಲವ್ವಾ. ಇದ್ರೂ ಹಾಕೂದಿಲ್ಲ. ಬಳಿ ಮಾಡಾಂವ್ಗ ಇದ್ದಷ್ಟು ಬುದ್ಧಿ ಹಡದವ್ರಿಗೆ ಬ್ಯಾಡೇನು?"

ಬೀರಣ್ಣ ಅಂಗಳದಿಂದ ಒಳಗೆ ನುಗ್ಗಿದ. "ನಮ್ಮ ಮಂದಿ ಲಗ್ನದಾಗ ನಿಂದೇನು? ಬಳಿ ತೊಡಸು, ರೊಕ್ಕ ತಗೊ, ನಡಿ."

"ಬಳಿ ತೊಡಸಾಕ ನಾ ಬೇಕು, ಮಾತಾಡಾಕ ನಾ ಬ್ಯಾಡೇನು?"

"ಮೊದಲ ನಿಮ್ಮವ್ರಿಗೆ ಹೇಳು ಹೋಗು!"

"ಹೇಳೇ ಬಂದೇನಿ. ತಾಳಿಕೋಟ್ಯಾಗ ನನ್ನ ತಂಗಿ ಮಗಳ ನಿಕಾ ನಾನ ನಿಲ್ಲಿಸೇನಿ. ಹುಡುಗಿಗೆ ಹದಿನೈದು. ತಂಗಿ ಇವತ್ತಿಗೂ ನನ್ನ ಕೂಡ ಮಾತಾಡೂದಿಲ್ಲ. ಒಡಹುಟ್ಟಿದಾಕೀನ ಬಿಟ್ಟಾಕಿ ನಾನು, ನಿನಗ ಅಂಜ್ತೇನೇನು?"

ಬೀರಣ್ಣನ ಸಿಟ್ಟು ಅಲ್ಲಿಗೆ ಕುಸಿಯಿತು. ಅವನೂ ಕಟುಕನಲ್ಲ. "ಮಳಿಗಾಲ ಮುಗದ್ರ ಕುರಿ ಬೆನ್ನ ಹತ್ತಿ ಊರೂರು ತಿರಗಾಂವ ನಾ. ಇಕೀ ಕೂಡ ಬರ್ತಾಳ," ಅಂದ, ಹೆಂಡತಿಯ ಕಡೆ ಕೈ ಮಾಡಿ. "ಬೆಳೆದ ಹುಡುಗೀನ ಯಾರ ಕೈಯಾಗ ಕೊಟ್ಟು ಹೋಗ್ಲಿ?"

"ಅದಕ್ಕ ಅತ್ತಿಮನಿಗೆ ದೂಡ್ತೀಯಾ? ಇಂಡಿ ಪ್ಯಾಟ್ಯಾಗ ಹೆಣ್ಣುಮಕ್ಕಳ ಹಾಸ್ಟೆಲ್ ಐತಿ. ಅದೂ ಬ್ಯಾಡಂದ್ರ ನಾ ಅದೇನಿ. ಆಕೀ ಲಗ್ನ ಮಾತ್ರ ನಾ ಆಗಗೊಡೂದಿಲ್ಲ."

ಬೀರಣ್ಣ ಬಗ್ಗಲಿಲ್ಲ. ಸಿಂದಗಿಯಿಂದ ಬೇರೆ ಬಳೆಗಾರನನ್ನು ತರುತ್ತೇನೆಂದು ಮೋಟಾರ್ ಸೈಕಲ್ ಹತ್ತಿದ. ಶಮಶಾದಬಿ ಬುಟ್ಟಿಯನ್ನು ಹೊಸ್ತಿಲಿಗೆ ಅಡ್ಡ ಇಟ್ಟು, ಅದರ ಪಕ್ಕದಲ್ಲೇ ಕುಳಿತಳು. ಮದುವೆ ನಿಲ್ಲಿಸುವವರು ಮರೆಯಲ್ಲಿ ನಿಂತು ಪಿಸುಗುಟ್ಟುತ್ತಾರೆ, ಹೆಸರು ಹೇಳುವುದಿಲ್ಲ. ಈಕೆ ಓಣಿಯೆಲ್ಲ ಕೇಳುವಂತೆ ಮಕ್ಕಳ ಸಹಾಯವಾಣಿಗೆ ಫೋನು ಹಚ್ಚಿ, "ನಾ ಶಮಶಾದಬಿ, ತಾಂಬಾದ ಬಳಿಗಾರಕಿ. ಹೆಸರು ಬರ್ಕೊಳ್ರಿ," ಎಂದು ಕೂಗಿ ಹೇಳಿದಳು. ಬೀರಣ್ಣ ಬೇರೆ ಬಳೆಗಾರನನ್ನು ಕರೆತರುವ ಹೊತ್ತಿಗೆ ಮಕ್ಕಳ ಇಲಾಖೆಯ ಜೀಪು ಬಾಗಿಲಲ್ಲಿತ್ತು. ಹದಿನೆಂಟು ತುಂಬುವವರೆಗೆ ಮಗಳ ಮದುವೆ ಮಾಡುವುದಿಲ್ಲವೆಂದು ಅವನು ಹಲ್ಲು ಕಚ್ಚಿ ಸಹಿ ಹಾಕಿದ.

ಸಹಿ ಹಾಕಿದ ಮಾತ್ರಕ್ಕೆ ಮದುವೆ ನಿಲ್ಲುತ್ತದೆಯೇ? ಇಲ್ಲಿ ನಿಂತ ಲಗ್ನ ಪರವೂರಿನ ಗುಡಿಯಲ್ಲಿ ಸದ್ದಿಲ್ಲದೆ ನಡೆದುಹೋಗುವುದನ್ನು ಶಮಶಾದಬಿ ಕಂಡಿದ್ದಾಳೆ. ಅದಕ್ಕೇ ಪ್ರತಿ ಗುರುವಾರ ಶಾಲೆ ತೆರೆಯುವ ಹೊತ್ತಿಗೆ ಬುಟ್ಟಿ ಹೊತ್ತು ಆ ಓಣಿಗೆ ಹೋಗುತ್ತಾಳೆ. ಬೀರಣ್ಣನ ಮಾತಿಗೆ ಕಟ್ಟುಬಿದ್ದು ಓಣಿಯಲ್ಲಿ ಯಾರೂ ಒಂದು ಬಳೆಯನ್ನೂ ಕೊಳ್ಳುವುದಿಲ್ಲ. ಆಕೆಯ ದನಿ ಕೇಳಿದರೆ ಕದ ಹಾಕಿಕೊಳ್ಳುತ್ತಾರೆ. ನಾಗರಪಂಚಮಿಗೂ ಆ ಓಣಿಯ ಹೆಂಗಸರು ಇಂಡಿಗೆ ಹೋಗಿ ಬಳೆ ತೊಟ್ಟು ಬಂದರು. ಅವಳಿಗೆ ನೋವಾಗಲಿಲ್ಲವೇ? ಆಯಿತು. ಮರುಗುರುವಾರವೂ ಹೋದಳು.

ಆವತ್ತು ಬೀರಣ್ಣ ಬಾಗಿಲಲ್ಲೇ ಇದ್ದ. "ಯಾರೂ ಕೊಳ್ಳೂದಿಲ್ಲಂದ್ರೂ ನಾಚಿಕಿಲ್ದ ಯಾಕ ಬರ್ತಿ?"

"ಮಾರಾಕ ಬರೂದಿಲ್ಲೋ ಬೀರಣ್ಣಾ. ನೋಡಾಕ ಬರ್ತೇನಿ."

ಅಷ್ಟರಲ್ಲಿ ಸುನೀತಾ ಪಾಟಿಚೀಲ ಹಾಕಿಕೊಂಡು ಹೊರಬಂದಳು. ಅಪ್ಪನನ್ನು ಒಮ್ಮೆ ನೋಡಿದಳು. ಆಮೇಲೆ ಅವನ ಕಣ್ಣೆದುರೇ ಎರಡೂ ಕೈ ಮೇಲೆತ್ತಿ, ತಿರುಗಿಸಿ ತಿರುಗಿಸಿ ತೋರಿಸಿದಳು. ಹಸಿರು ಬಳೆ ಒಂದೂ ಇರಲಿಲ್ಲ. ಬಳೆಗಾರ್ತಿ ಖುಷಿಯಿಂದ ನಕ್ಕುಬಿಟ್ಟಳು.

"ಮುಂದಿನ ಗುರುವಾರ ಬರ್ತೇನ್ವಾ," ಎಂದು ಬುಟ್ಟಿ ಸರಿಮಾಡಿಕೊಂಡು, ಹಾಕಿದ ಕದಗಳ ನಡುವೆ ಗಂಟಲು ಹರಿಯುವಂತೆ ಕೂಗುತ್ತ ನಡೆದಳು: "ಬಳೀ ಬೇಕೇನ್ರೀ, ಬಳೀ!"