ವಿಮಲಾ ನಿದ್ದೆ ಮಾಡಿದ ಊರು

ಸೊಲ್ಲಾಪುರದಿಂದ ಹೊರಟ ರೈಲು ನಮ್ಮನ್ನು ಕಲಬುರಗಿಯಲ್ಲಿ ಇಳಿಸಿದಾಗ ಬೆಳಗಿನ ಎಂಟು ಗಂಟೆ. ಮೂವರು ಹೆಂಗಸರು, ಮೂರು ಬೆನ್ನುಚೀಲ. ನನ್ನದು ಮಗ ಕಾಲೇಜಿಗೆ ಹಾಕಿಕೊಂಡು ಹೋಗಿ ಸವೆಸಿ ಬಿಟ್ಟದ್ದು. ಪ್ರಭಾಳದ್ದು ಈ ತಿರುಗಾಟಕ್ಕೆಂದೇ ಕೊಂಡ ಹೊಸ ಚೀಲ. ಹದಿನೇಳು ಜೇಬು, ಯಾವುದರಲ್ಲಿ ಏನಿದೆ ಎಂದು ಅವಳಿಗೇ ಗೊತ್ತಿಲ್ಲ. ವಿಮಲಾಳದ್ದು ಎಲ್ಲಕ್ಕಿಂತ ಚಿಕ್ಕದು. ಐವತ್ತರ ಹತ್ತಿರ ಬಂದ ಮೇಲೆ ಚೀಲ ಬೆನ್ನಿಗೇರಿಸಿ ದೇಶ ಸುತ್ತಲು ಹೊರಟ ನಮ್ಮನ್ನು ನೋಡಿ ತುಮಕೂರಿನ ನಮ್ಮ ಬೀದಿಯವರು ನಕ್ಕಿದ್ದರು. ನಗಲಿ ಬಿಡಿ. ಹನ್ನೆರಡು ದಿನಗಳಲ್ಲಿ ಕಾಶಿ, ಉಜ್ಜಯಿನಿ, ಪಂಢರಪುರ ಮುಗಿಸಿದ್ದೆವು. ಕಲಬುರಗಿಯೇ ಕೊನೆ, ಮರುದಿನ ಸಂಜೆ ಊರ ಕಡೆಯ ರೈಲಿಗೆ ಟಿಕೆಟ್ ಆಗಿತ್ತು.

ಇಷ್ಟಕ್ಕೂ ಹೊರಟದ್ದು ಯಾಕೆಂದು ಹೇಳಿಬಿಡುತ್ತೇನೆ. ವಿಮಲಾಳಿಗೆ ಏಳು ತಿಂಗಳಿಂದ ನಿದ್ದೆ ಇರಲಿಲ್ಲ. ಅವಳ ಅತ್ತೆ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಮಾತು ನಿಂತುಹೋಗಿತ್ತು, ಏನಾದರೂ ಬೇಕಾದರೆ ಪೂಜೆಯ ಕೈಗಂಟೆ ಅಲ್ಲಾಡಿಸುತ್ತಿದ್ದರು. "ಬಂದೆ ಅತ್ತೆ" ಎನ್ನುತ್ತ ಇವಳು ರಾತ್ರಿಗೆ ನಾಲ್ಕು ಸಲ, ಐದು ಸಲ ಏಳುತ್ತಿದ್ದಳು. ಒಂದೇ ಒಂದು ರಾತ್ರಿ, ಮೈ ಸೋತು, ಬೆಳಗಿನವರೆಗೂ ಎಚ್ಚರವಾಗಲಿಲ್ಲ. ಎದ್ದು ನೋಡಿದರೆ ಅತ್ತೆ ಹೋಗಿಬಿಟ್ಟಿದ್ದರು. ಗಂಟೆ ಮಂಚದ ಕೆಳಗೆ ಬಿದ್ದಿತ್ತು. ಬಾರಿಸಿದ್ದರೋ, ಸುಮ್ಮನೆ ಕೈಯಿಂದ ಜಾರಿತ್ತೋ, ಯಾರು ಹೇಳಬೇಕು? ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಇವಳಿಗೆ ಗಂಟೆ ಕೇಳಿಸುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯೂ ಕೆಲಸ ಮಾಡಲಿಲ್ಲ.

ಗುಡಿ ಸುತ್ತಿದರೆ ಮನಸ್ಸಿಗೆ ನೆಮ್ಮದಿ ಎಂದು ಯೋಜನೆ ಹಾಕಿದವಳು ನಾನೇ. ಗುಡಿ ಅಂದಮೇಲೆ ಗಂಟೆ ಇರುತ್ತದೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ! ಕಾಶಿಯ ಆರತಿಯಲ್ಲಿ ಮೊದಲ ಗಂಟೆ ಮೊಳಗುತ್ತಲೇ ವಿಮಲಾ ಬೆಚ್ಚಿ ಹಿಂದೆ ತಿರುಗಿದಳು, ತುಟಿ ಅಲ್ಲಾಡಿತು: "ಬಂದೆ ಅತ್ತೆ." ಹಲ್ಲುನೋವಿನವಳನ್ನು ಕಬ್ಬಿನ ಗದ್ದೆಗೆ ಕರೆದುಕೊಂಡು ಹೋದ ಹಾಗಾಗಿತ್ತು ನನ್ನ ಬುದ್ಧಿವಂತಿಕೆ. ಆದರೂ ಹಟ ಬಿಡದೆ ಪಟ್ಟಿಯ ಪ್ರಕಾರವೇ ಎಳೆದುಕೊಂಡು ಬಂದಿದ್ದೆ.

ಬಸ್ ಸ್ಟ್ಯಾಂಡಿನ ಹತ್ತಿರ ಮೂರು ಮಂಚದ ರೂಮು ಸಾವಿರದ ಇನ್ನೂರಕ್ಕೆ ಸಿಕ್ಕಿತು. ಕೆಳಗಿನ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಬಿಸಿ ಮಿರ್ಚಿ ಭಜಿ, ಚಹಾ. ಮಾಘದ ಬೆಳಗು ಮಾತ್ರ ತಂಪು. ಹತ್ತಕ್ಕೆಲ್ಲ ಬಿಸಿಲು ನೆತ್ತಿ ಸುಡತೊಡಗಿತ್ತು. ಶರಣಪ್ಪ ಎಂಬವರ ಆಟೊ ಹಿಡಿದು ಕೆರೆಯ ಪಕ್ಕದ ಶರಣರ ಗುಡಿಗೆ ಹೋದೆವು. ಕಾಯಿ, ಕರ್ಪೂರ, ಜನ, ಎಲ್ಲ ಚೆನ್ನಾಗಿತ್ತು. ಗಂಟೆಯೂ ಚೆನ್ನಾಗಿಯೇ ಇತ್ತು, ಅದರ ಸದ್ದು ಎದೆಗೂಡಿನಲ್ಲಿ ನಿಲ್ಲುವಂಥದ್ದು. ಹತ್ತು ನಿಮಿಷದಲ್ಲಿ ವಿಮಲಾ ಐದು ಸಲ ತಿರುಗಿ ನೋಡಿದಳು. ನಾವು ಬೇಗನೆ ಹೊರಬಿದ್ದೆವು.

ಮಧ್ಯಾಹ್ನದ ಮೇಲೆ ಕೋಟೆ. ಒಳಗಿರುವ ಹಳೆಯ ಮಸೀದಿಯಲ್ಲಿ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಬೆಳಕು ಎಲ್ಲಿಂದಲೋ ಒಳಗೆ ಇಳಿದು ನೆಲದ ಮೇಲೆ ಕೂತಿತ್ತು. ಪಾರಿವಾಳದ ರೆಕ್ಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಷ್ಟು ನಡೆದರೂ ನಿಂತಲ್ಲೇ ಇದ್ದೇವೆ ಅನ್ನಿಸುವ ಜಾಗ ಅದು. ವಿಮಲಾ ಒಂದು ಕಂಬಕ್ಕೆ ಒರಗಿ ಕೂತಳು. ಸ್ವಲ್ಪ ಹೊತ್ತಿಗೆ ಬಾಯಿ ತೆರೆದು ಆಕಳಿಸಿದಳು. ಪ್ರಭಾ ನನ್ನ ಮೊಣಕೈ ತಿವಿದಳು. ಹನ್ನೆರಡು ದಿನಗಳಲ್ಲಿ ನಾವು ಕಂಡ ಮೊದಲ ಆಕಳಿಕೆ! ಅಷ್ಟರಲ್ಲಿ ಕಾವಲಿನವರು ಬಂದು, "ಟೈಮ್ ಆತ್ರಿ ಅಕ್ಕೋರ, ಬಾಗಲಾ ಹಾಕ್ತೇವಿ" ಎಂದರು. ಎದ್ದು ಬಂದೆವು.

ರೂಮಿಗೆ ಬಿಡುವಾಗ ಶರಣಪ್ಪ ಕೇಳಿದರು: "ನಾಳೆ ಸಂಜಿ ತನಕಾ ಏನ್ ಮಾಡ್ತೀರಿ? ಕಮಲಾಪುರಕ್ಕ ಹೋಗ್ ಬರ್ರಿ. ಸಂತಿ ಅದ. ಅಲ್ಲಿ ಕೆಂಪ ಬಾಳಿಹಣ್ಣ ತಿನ್ನದ ಹೋದ್ರ ಈ ಕಡೆ ಬಂದಂಗೇ ಅಲ್ರಿ." ಅವರು ಕುಸನೂರಿನವರು. ಮೊದಲು ಹೊಲವಿತ್ತಂತೆ, ಊರು ಬೆಳೆದು ಬಂದು ಹೊಲವನ್ನು ನುಂಗಿತು, ಈಗ ಅಲ್ಲಿ ಮನೆ ಕಟ್ಟಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ನನ್ನ ಪಟ್ಟಿಯಲ್ಲಿ ಕಮಲಾಪುರ ಇರಲಿಲ್ಲ. ಪ್ರಭಾಳಿಗೆ ಬಾಳೆಹಣ್ಣು ಎಂದರೆ ಸಾಕು, ತೀರ್ಮಾನವಾಯಿತು.

ಮರುದಿನ ಒಂಬತ್ತೂವರೆಯ ಬಸ್ಸು. ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಹಾಗಾಗಿ ಬಸ್ಸಿನ ತುಂಬ ನಮ್ಮವರೇ. ಪೂರ್ವಕ್ಕೆ ಒಂದು ಗಂಟೆಯ ದಾರಿ. ಎರಡೂ ಕಡೆ ಬಿಳಿತೆನೆಯ ಜೋಳ ತೂಗುತ್ತಿತ್ತು. ಕರಿ ಮಣ್ಣು ಕಣ್ಣೆದುರೇ ನಿಧಾನವಾಗಿ ಕೆಂಪಾಗುತ್ತ ಬಂತು. ಕಿಟಕಿಗೆ ತಲೆಯಿಟ್ಟ ವಿಮಲಾಳ ಕಣ್ಣು ಅರ್ಧ ಮುಚ್ಚಿತ್ತು, ಆದರೆ ಬೆರಳುಗಳು ಸೆರಗಿನ ತುದಿಯನ್ನು ಹೊಸೆಯುತ್ತಲೇ ಇದ್ದವು.

ಸಂತೆಯ ಅಂಚಿನಲ್ಲಿ ಬೇವಿನ ಮರ, ಮರದ ಕೆಳಗೆ ಪುಟ್ಟ ಈಶ್ವರ ಗುಡಿ. ಗುಡಿಯ ಎದುರಿಗೇ ಮಕ್ಬೂಲ್ ಚಾಚಾ ಅವರ ಬಾಳೆಹಣ್ಣಿನ ತಳ್ಳುಗಾಡಿ. "ಕೆಂಪ ಬಾಳೀ! ಲಾಲ್ ಮೌಜ್!" ಎಂದು ಎರಡು ಭಾಷೆಯಲ್ಲಿ ಕೂಗುತ್ತಿದ್ದರು, ಎರಡೂ ಒಂದೇ ಹಣ್ಣು. ಸಿಪ್ಪೆ ಕಪ್ಪಿಟ್ಟ ಕುಂಕುಮದ ಬಣ್ಣ, ಒಳಗೆ ಬೆಣ್ಣೆ. ನಮ್ಮ ಕಡೆಯ ಹಣ್ಣಿನ ದುಪ್ಪಟ್ಟು ಬೆಲೆ. ಯಾಕೆ ಎಂದರೆ ಚಾಚಾ ಹೇಳಿದರು: "ಇದಕ್ಕ ಒಂದೂವರಿ ವರ್ಷ ಕಾಯಬೇಕ್ರಿ ಬೆಹನ್. ಜಲ್ದಿ ಮಾಡಿದ್ರ ಬರಂಗಿಲ್ಲ." ಪ್ರಭಾ ಕಾಯದೆ ಮೂರು ತಿಂದಳು.

ಗುಡಿಯ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅರವತ್ತು ದಾಟಿದ ಹೆಂಗಸು ನಮ್ಮನ್ನು ಕರೆದರು. ಹೆಸರು ಶಂಕ್ರಮ್ಮ, ಗುಡಿ ಗುಡಿಸಿ ದೀಪ ಹಚ್ಚುವವರು ಅವರೇ. "ಬಿಸಲಾಗ ಯಾಕ ನಿಂತೀರಿ ತಂಗಿ? ಒಳಗ ಬರ್ರಿ, ತಂಪ ಅದ."

ಒಳಗೆ ಕಲ್ಲಿನ ನೆಲ, ಎಣ್ಣೆದೀಪದ ವಾಸನೆ, ಕಿಂಡಿಯಿಂದ ಬೇವಿನ ನೆರಳು ಬಂದು ಗೋಡೆಯ ಮೇಲೆ ತೂಗಾಡುತ್ತಿತ್ತು. ಸಂತೆಯ ಗದ್ದಲ ಎಲ್ಲೋ ದೂರದ ನೀರಿನ ಸದ್ದಾಗಿ ಕೇಳುತ್ತಿತ್ತು. ಶಂಕ್ರಮ್ಮ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕೊಟ್ಟರು. ಉಂಡು ಗೋಡೆಗೆ ಒರಗಿದ ವಿಮಲಾ ಮೆಲ್ಲಗೆ ಪಕ್ಕಕ್ಕೆ ವಾಲಿದಳು. ಅಷ್ಟರಲ್ಲಿ ಯಾರೋ ಬಂದು ಗಂಟೆ ಬಾರಿಸಿದರು. ವಿಮಲಾ ದಡಕ್ಕನೆ ಎದ್ದು ಕೂತು, "ಬಂದೆ ಅತ್ತೆ" ಎಂದಳು.

"ಯಾರನ್ನ ಕರೀಲಿಕತ್ತಾಳ?" ಎಂದು ಶಂಕ್ರಮ್ಮ ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ವಿಮಲಾ ತಲೆ ತಗ್ಗಿಸಿದಳು. ಶಂಕ್ರಮ್ಮ ಮೊರವನ್ನು ಬದಿಗಿಟ್ಟು ಅವಳ ಹತ್ತಿರ ಬಂದು ಕೂತರು.

"ಮಲಕೋ ಯವ್ವಾ. ಇವತ್ತ ಗಂಟಿ ನಾ ನೋಡ್ಕೋತೀನಿ. ನಿಮ್ಮ ಅತ್ತಿ ಕರದ್ರ ನಾ ಎದ್ದು ಹೋಗ್ತೀನಿ."

ನಾಲ್ಕು ವರ್ಷದಲ್ಲಿ ಇವಳಿಗೆ ಈ ಮಾತನ್ನು ಹೇಳಿದವರು ಒಬ್ಬರೂ ಇರಲಿಲ್ಲ. ನಾವೂ ಹೇಳಿರಲಿಲ್ಲ.

ಶಂಕ್ರಮ್ಮ ಬಾಗಿಲಿಗೆ ಹೋಗಿ, "ಮಕ್ಬೂಲ್ ಭಾಯ್, ನಿಮ್ಮ ರುಮಾಲ ಕೊಡ್ರಿ ಇಲ್ಲಿ" ಎಂದರು.

"ಯಾಕ ಅಕ್ಕಾ?"

"ಈ ತಂಗಿ ನಿದ್ದಿ ಮಾಡಬೇಕಾಗ್ಯಾದ."

ಚಾಚಾ ಮತ್ತೇನೂ ಕೇಳದೆ ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ ಕೊಟ್ಟರು. ನಮ್ಮಲ್ಲಿ ಉದ್ದ ಪ್ರಭಾಳೇ. ಅವಳು ಗಂಟೆಯ ನಾಲಿಗೆಗೆ ಅದನ್ನು ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಶಂಕ್ರಮ್ಮ ಹೊಸ್ತಿಲಲ್ಲಿ ಕೂತರು. ಹೆಣ್ಣುಮಗಳು ಪರವೂರಲ್ಲಿ, ನಾಲ್ಕು ಜನ ಓಡಾಡುವ ಜಾಗದಲ್ಲಿ ಕಾಲು ಚಾಚಿ ಮಲಗುವುದೆಂದರೆ ನನಗೆ ಒಳಗೊಳಗೇ ಅಳುಕು. ನನ್ನ ಶಾಲು ಹೊದಿಸಿದೆ. ಎರಡು ನಿಮಿಷದಲ್ಲಿ ವಿಮಲಾಳ ಉಸಿರು ಭಾರವಾಯಿತು.

ಆಮೇಲಿನ ಹೊತ್ತು ನನಗೆ ಈಗಲೂ ಕನಸಿನಂತೆಯೇ ನೆನಪಿದೆ. ಸಂತೆ ಮುಗಿಸಿದವರು ಬುಟ್ಟಿ ಹೊತ್ತು ಬರುತ್ತಿದ್ದರು. ಗಂಟೆಯತ್ತ ಚಾಚಿದ ಕೈ ರುಮಾಲು ಕಂಡು ನಿಲ್ಲುತ್ತಿತ್ತು. ಶಂಕ್ರಮ್ಮ ಬೆರಳಿಂದ ಒಳಗೆ ತೋರಿಸುತ್ತಿದ್ದರು. ಹೆಂಗಸರು ಮಲಗಿದವಳನ್ನು ನೋಡಿ, ಗಂಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ತುದಿಗಾಲಲ್ಲಿ ಪ್ರದಕ್ಷಿಣೆ ಹಾಕಿದರು. ಹೊರಗೆ ಚಾಚಾ ಕೂಗುವುದನ್ನೇ ನಿಲ್ಲಿಸಿ, ಬಾಳೆಯ ಚಿಪ್ಪನ್ನು ಎತ್ತಿ ಹಿಡಿದು ಗಿರಾಕಿಗಳಿಗೆ ತೋರಿಸುತ್ತಿದ್ದರು. ಒಬ್ಬ ಮುದುಕಪ್ಪ ಮಾತ್ರ ಬಿಡಲಿಲ್ಲ.

"ಗಂಟಿಗೇನಾಗ್ಯಾದ?"

"ಇವತ್ತ ಅದಕ್ಕ ಸೂಟಿ" ಎಂದರು ಶಂಕ್ರಮ್ಮ ಪಿಸುಮಾತಿನಲ್ಲಿ.

"ಮತ್ತ ನಾ ಬಂದದ್ದು ದೇವರಿಗೆ ಹೆಂಗ ಗೊತ್ತಾಗಬೇಕು?"

"ಅಂವಗ ಕಣ್ಣಿಲ್ಲೇನು? ಮೂರ ಅವ."

ಮುದುಕಪ್ಪ ಬೊಚ್ಚುಬಾಯಿ ಮುಚ್ಚಿಕೊಂಡು ನಕ್ಕು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಇಳಿದು ಹೋದ.

ರೈಲು ಐದೂಮುಕ್ಕಾಲಿಗೆ. ಮೂರೂವರೆಗೆ ಕಮಲಾಪುರ ಬಿಡಲೇಬೇಕು. ಎರಡು ತಿಂಗಳ ಮುಂಚೆ ಕಾದು ತೆಗೆಸಿದ ಟಿಕೆಟ್ಟು. ಮೂರಕ್ಕೆ ನಾನು ಎದ್ದೆ. ಪ್ರಭಾ ನನ್ನ ಸೆರಗು ಹಿಡಿದಳು. ಮೂರೂವರೆಗೆ ಮತ್ತೆ ಎದ್ದೆ. "ಲಲ್ಲಿ, ರೈಲು ನಾಳೆಯೂ ಇದೆ ಕಣೇ" ಎಂದಳು ಪ್ರಭಾ. "ಈ ನಿದ್ದೆ ನಾಳೆ ಇರುತ್ತಾ?" ನಾನು ಮಲಗಿದವಳ ಮುಖ ನೋಡಿದೆ. ಹಾಸ್ಟೆಲಿನಲ್ಲಿ ಪರೀಕ್ಷೆಯ ಹಿಂದಿನ ದಿನವೂ ಹೀಗೇ ಬಾಯಿ ತೆರೆದು ಮಲಗುತ್ತಿದ್ದಳು. ಅದು ನನಗೆ ಮರೆತೇ ಹೋಗಿತ್ತು. ನಾಲ್ಕಕ್ಕೆ ಬಸ್ಸೊಂದು ಹಾರನ್ ಹೊಡೆದು ಹೋಯಿತು. ನಾನು ಹೊಸ್ತಿಲಲ್ಲಿ ಕೂತು ಶಂಕ್ರಮ್ಮನವರ ಜೊತೆ ಅಕ್ಕಿ ಆರಿಸಿದೆ.

ವಿಮಲಾ ಎದ್ದದ್ದು ಐದೂಕಾಲಿಗೆ, ತಾನಾಗಿಯೇ. ಕೆನ್ನೆಯ ಮೇಲೆ ಕಲ್ಲಿನ ಅಚ್ಚು ಮೂಡಿತ್ತು. ಕಿಂಡಿಯ ಬೆಳಕು ಹಳದಿಯಾಗಿದ್ದನ್ನು ನೋಡಿ ಗಾಬರಿಯಾದಳು. ರೈಲಿನ ವಿಷಯ ಕೇಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಶಂಕ್ರಮ್ಮನವರನ್ನು, ತೀರ ಸಣ್ಣ ದನಿಯಲ್ಲಿ: "ಅತ್ತೆ ಕರೆದರಾ?"

ಶಂಕ್ರಮ್ಮ ನಗಲಿಲ್ಲ. "ಇಲ್ಲವ್ವ. ನಾ ಇಲ್ಲೇ ಕುಂತಿದ್ದೆ. ಕರೀಲೇ ಇಲ್ಲ. ಅವರಿಗೂ ನಿದ್ದಿ ಹತ್ತಿರಬೇಕು."

ವಿಮಲಾ ಮುಖ ಮುಚ್ಚಿಕೊಂಡು ಅತ್ತಳು. ನಾವು ಯಾರೂ ಸುಮ್ಮನಿರು ಎನ್ನಲಿಲ್ಲ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಎದ್ದು, ಗಂಟೆಯ ಹತ್ತಿರ ಹೋದಳು. ಪ್ರಭಾ ಮುಂದೆ ಬಂದರೂ ಬೇಡ ಎಂದಳು. ಗಿಡ್ಡ ಆಳು, ತುದಿಗಾಲಲ್ಲಿ ನಿಂತು, ತಡಕಾಡಿ, ಗಂಟು ಬಿಚ್ಚಿದಳು. ರುಮಾಲನ್ನು ನಾಲ್ಕು ಮಡಿಕೆ ಮಾಡಿ ಹೊರಗೆ ನಿಂತಿದ್ದ ಚಾಚಾ ಅವರ ಕೈಗೆ ಕೊಟ್ಟಳು. ಅವರು ಅದನ್ನು ತಲೆಗೆ ಸುತ್ತಿಕೊಂಡು ಒಂದು ಚಿಪ್ಪು ಬಾಳೆಹಣ್ಣು ಅವಳ ಚೀಲಕ್ಕೆ ತುರುಕಿದರು. ಬಸ್ಸು ಬರುವ ಹೊತ್ತಾಗಿತ್ತು. ನಾವು ಚಪ್ಪಲಿ ಮೆಟ್ಟಿಕೊಂಡೆವು.

ವಿಮಲಾ ಮಾತ್ರ ಇನ್ನೂ ಬಾಗಿಲಲ್ಲೇ ಇದ್ದಳು. ಕೈ ಚಾಚಿ ಒಂದೇ ಒಂದು ಸಲ ಗಂಟೆ ಬಾರಿಸಿದಳು. ನಾನು ರೂಢಿಯಂತೆ ಅವಳ ತುಟಿಯನ್ನೇ ನೋಡಿದೆ. ಸದ್ದು ಬೇವಿನ ಮರ ದಾಟಿ, ಖಾಲಿಯಾಗುತ್ತಿದ್ದ ಸಂತೆ ದಾಟಿ, ಪೂರ್ತಿ ಅಡಗುವವರೆಗೂ ಅವಳು ಕಾದಳು. ಆಮೇಲೆ ಹೇಳಿದಳು:

"ಹೋಗ್ಬರ್ತೀನಿ ಅತ್ತೆ."